ಗಲ್ಲಾದಲ್ಲಿ ಇವತ್ತು ಯಾರಿದ್ದಾರೆ?

ನಸುಕಿನ ನಾಲ್ಕೂವರೆಗೆ ಹಿಂಬಾಗಿಲು ತೆರೆಯುತ್ತದೆ. ಮುಂದಿನ ಶೆಟರ್ ಎತ್ತಲು ಇನ್ನೂ ಒಂದೂವರೆ ಗಂಟೆಯಿದೆ. ಅಟ್ಟದ ಮೇಲೆ ಮಲಗಿದ್ದ ಹುಡುಗರು ಚಾಪೆ ಸುತ್ತಿಟ್ಟು, ಮುಖಕ್ಕೆ ತಣ್ಣೀರು ಎರಚಿಕೊಂಡು ಕಿರಿದಾದ ಮೆಟ್ಟಿಲಿಳಿದು ಬರುತ್ತಾರೆ. ಗ್ಯಾಸ್ ಒಲೆ ಭುಸ್ಸೆಂದು ಹೊತ್ತಿಕೊಳ್ಳುತ್ತದೆ. ಒಬ್ಬ ಕಾಫಿ ಪುಡಿಯನ್ನು ಫಿಲ್ಟರಿಗೆ ಸುರಿದು ಒತ್ತುತ್ತಿದ್ದರೆ ಇನ್ನೊಬ್ಬ ತೆಂಗಿನಕಾಯಿ ಒಡೆಯುತ್ತಿರುತ್ತಾನೆ. ಇಬ್ಬರು ಈರುಳ್ಳಿಯ ಮೂಟೆ ಬಿಚ್ಚಿ ಕೂತಿದ್ದಾರೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಮುಚ್ಚಳ ತೆಗೆದು ಭಟ್ಟರು ಬಗ್ಗಿ ಮೂಸುತ್ತಾರೆ. ಹದ ಬಂದಿದೆಯೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಮಾತು ಕಡಿಮೆ, ಎಲ್ಲರ ಕೈಗಳಿಗೂ ತಮ್ಮ ತಮ್ಮ ಕೆಲಸ ಗೊತ್ತು.

ಐದು ಗಂಟೆ ದಾಟಿತೆಂದರೆ ಎಲ್ಲರ ಕಿವಿಯೂ ಹಿಂದಿನ ಓಣಿಯ ಕಡೆಗೆ. ಹಳೆಯ ಸ್ಕೂಟರ್ ಬಂದು ನಿಂತರೆ ದೊಡ್ಡಣ್ಣ ಬಂದರೆಂದು ಅರ್ಥ. ಅವರು ಸ್ಟ್ಯಾಂಡ್ ಹಾಕುವ ಸದ್ದು ಕೇಳಿಯೇ ಭಟ್ಟರು ಅಂದಿನ ದಿನ ಹೇಗಿದ್ದೀತೆಂದು ಅಂದಾಜು ಮಾಡುತ್ತಾರೆ. ಸ್ಟ್ಯಾಂಡ್ ಮೆಲ್ಲಗೆ ಬಿದ್ದರೆ ಸರಿ. ಧಡ್ಡೆಂದು ಬಿದ್ದರೆ ಒಲೆಯ ಮುಂದಿದ್ದವನು ಸುಮ್ಮನೆ ಉರಿ ಸರಿಮಾಡುತ್ತಾನೆ, ನೆಲ ಒರೆಸುವವನು ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುತ್ತಾನೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಹುಬ್ಬಳ್ಳಿ, ಶಿವಮೊಗ್ಗ, ದಾವಣಗೆರೆಯ ಬಸ್ ನಿಲ್ದಾಣಗಳ ಎದುರು ಇಂಥ ಮನೆತನದ ಹೋಟೆಲುಗಳು ನಮಗೆಲ್ಲ ಗೊತ್ತು. ಇಲ್ಲಿರುವುದು ಯಾವುದೋ ಒಂದೇ ಹೋಟೆಲಿನ ಕತೆಯಲ್ಲ. ಹಲವು ಅಡುಗೆಮನೆಗಳಲ್ಲಿ ಕಂಡದ್ದನ್ನು, ಅಲ್ಲಿ ದುಡಿದವರಿಂದ ಕೇಳಿದ್ದನ್ನು ಒಂದೇ ಸೂರಿನಡಿ ತಂದು ಚಿತ್ರಿಸುತ್ತಿದ್ದೇನೆ. ಅಣ್ಣ, ತಮ್ಮ, ಅಣ್ಣನ ಹೆಂಡತಿ, ಮಗ ಹೀಗೆ ಮನೆಯವರು ನಾಲ್ವರು. ಭಟ್ಟರು, ಸಪ್ಲೈಯರುಗಳು, ಕ್ಲೀನರುಗಳು ಸೇರಿ ಹೊರಗಿನವರು ಹದಿನೈದರ ಆಸುಪಾಸು. ಬಿಸಿನೆಸ್ ಪುಸ್ತಕಗಳಲ್ಲಿ ಬರುವ ಮ್ಯಾನೇಜರ್ ಎಂಬ ಹುದ್ದೆ ಇಲ್ಲಿಲ್ಲ. ಯಾರು ಗಲ್ಲಾದಲ್ಲಿ ಕೂತಿದ್ದಾರೋ ಅವರೇ ಆ ಹೊತ್ತಿನ ಮ್ಯಾನೇಜರ್.

ಅದಕ್ಕೇ ಕೆಲಸಕ್ಕೆ ಬಂದವರು ಒಳಗೆ ಕಾಲಿಡುವಾಗ ಮೊದಲು ಕೇಳುವ ಪ್ರಶ್ನೆ ಒಂದೇ: “ಗಲ್ಲಾದಲ್ಲಿ ಇವತ್ತು ಯಾರಿದ್ದಾರೆ?”

ಬೆಳಗಿನ ಹೊತ್ತು ದೊಡ್ಡಣ್ಣನದು. ಬಂದವರೇ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆ ಮುಟ್ಟಿ ನಮಸ್ಕರಿಸಿ ನೇರ ಅಡುಗೆಮನೆಗೆ ನುಗ್ಗುತ್ತಾರೆ. ಸಾಂಬಾರಿನ ದೊಡ್ಡ ಪಾತ್ರೆಯಿಂದ ಒಂದು ಸೌಟು ಎತ್ತಿ ಅಂಗೈಗೆ ಹನಿಸಿಕೊಂಡು ನೆಕ್ಕುತ್ತಾರೆ. ಅದಾದ ಮೇಲೆ ಚಟ್ನಿ.

“ಎಂತ ಭಟ್ರೆ ಇದು? ಚಟ್ನಿಯಾ, ನೀರಾ? ಕಾಯಿ ಎಲ್ಲಿ ಹೋಯ್ತು?”

“ಕಾಯಿ ಎಳತು ಅಣ್ಣ. ನಿನ್ನೆ ಬಂದ ಲೋಡೇ ಹಾಗೆ.”

“ಎಳತಾದ್ರೆ ಎರಡು ಜಾಸ್ತಿ ಒಡೀರಿ ಮಾರಾಯ್ರೆ. ಗಿರಾಕಿಗೆ ಲೋಡಿನ ಕತೆ ಹೇಳ್ಲಿಕ್ಕೆ ಆಗ್ತದಾ?”

ಇಷ್ಟು ಹೇಳುವಾಗ ಅವರ ದನಿ ಎದುರು ರಸ್ತೆಯ ಹಾಲಿನ ಬೂತಿನವರೆಗೂ ಕೇಳಿಸುತ್ತದೆ. ಲೋಟ ಸರಿಯಾಗಿ ತೊಳೆಯದವನಿಗೆ ಒಂದು ಮಾತು, ಉಪ್ಪಿನ ಡಬ್ಬಿ ತೆರೆದಿಟ್ಟವನಿಗೆ ಇನ್ನೊಂದು. ಆರು ಗಂಟೆಗೆ ಶೆಟರ್ ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಬೈಸಿಕೊಳ್ಳದವರು ಯಾರೂ ಇರುವುದಿಲ್ಲ. ಹತ್ತು ಗಂಟೆಗೆ ಗಿರಾಕಿಗಳ ನೂಕು ಇಳಿದ ಮೇಲೆ ಅದೇ ಮನುಷ್ಯ ಅದೇ ಭಟ್ಟರನ್ನು ಪಕ್ಕಕ್ಕೆ ಕರೆದು, “ತಾಯಿಗೆ ಕಣ್ಣಿನ ಆಪರೇಷನ್ ಯಾವಾಗ ಅಂದ್ರು?” ಎಂದು ಕೇಳಿ, ಚೀಟಿಯಲ್ಲಿ ಬರೆಯದೆ ಜೇಬಿನಿಂದಲೇ ದುಡ್ಡು ತೆಗೆದು ಕೊಡುತ್ತಾರೆ.

ದೊಡ್ಡಣ್ಣನ ಸಿಟ್ಟಿಗೆ ಬೇರಿದೆ. ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮಾವನ ಕೈಹಿಡಿದು ಬಂದವರು. ರುಬ್ಬುಗಲ್ಲಿನ ಮುಂದೆ ಕೂತು ಅಂಗೈ ಬೊಬ್ಬೆ ಬರಿಸಿಕೊಂಡು, ಲೋಟ ತೊಳೆದು, ಟೇಬಲ್ ಒರೆಸಿ, ಕಾವಲಿ ಹಿಡಿದು, ಕೊನೆಗೆ ಗಲ್ಲಾಕ್ಕೆ ಬಂದವರು. ಕರಾವಳಿಯ ಹೋಟೆಲು ಉದ್ಯಮದ ಬೆನ್ನೆಲುಬೇ ಈ ಬಗೆಯ ಬದುಕು. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಸಹಾಯಕನಾಗಿ ದುಡಿದೇ ಮೇಲೆ ಬಂದು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಹೀಗೆ ಕೆಳಗಿನಿಂದ ಬಂದ ಧಣಿಗೆ ಅಡುಗೆಮನೆಯ ಒಂದೊಂದು ಕೆಲಸದ ಕಷ್ಟವೂ ಗೊತ್ತು. ತಾನು ಸಹಿಸಿದ್ದನ್ನು ಇನ್ನೊಬ್ಬನೂ ಸಹಿಸಬೇಕೆಂಬ ಹಟವೂ ಅದರ ಜೊತೆಗೇ ಬೆಳೆದಿರುತ್ತದೆ. ಹನ್ನೆರಡು ವರ್ಷದ ಹುಡುಗನನ್ನು ಹೋಟೆಲಿಗೆ ಹಚ್ಚುವುದು ತಪ್ಪೆಂದು ಈಗ ಕಾನೂನೇ ಹೇಳುತ್ತದೆ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ದೊಡ್ಡಣ್ಣ ಇದನ್ನು ಒಪ್ಪುತ್ತಾರೆ. ಆದರೆ ಬೈಗುಳವೂ ಕಲಿಕೆಯ ಭಾಗ ಎಂಬ ನಂಬಿಕೆಯನ್ನು ಮಾತ್ರ ಬಿಟ್ಟಿಲ್ಲ.

ಊರಿನಿಂದ ಬಂದ ಹುಡುಗರು ಇದ್ದಾಗ ಇದು ಹೇಗೋ ನಡೆಯಿತು. ಅವರಿಗೆ ಆ ದನಿ ಮನೆಯಲ್ಲೂ ಕೇಳಿ ಅಭ್ಯಾಸ. ಬೆಳಿಗ್ಗೆ ಬೈದವರೇ ಸಂಜೆ ಕೈಹಿಡಿಯುತ್ತಾರೆ ಎಂಬುದೂ ಗೊತ್ತು. ಈಗ ಅಡುಗೆಮನೆಯಲ್ಲಿ ಕುಂದಾಪುರದವರು ಭಟ್ಟರೊಬ್ಬರೇ. ಸಪ್ಲೈಯರುಗಳು ಕೊಪ್ಪಳ, ರಾಯಚೂರಿನ ಕಡೆಯವರು. ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು ಅಸ್ಸಾಂ, ಒಡಿಶಾದಿಂದ ಬಂದವರು. ಅಸ್ಸಾಮಿನ ಹುಡುಗನಿಗೆ ದೊಡ್ಡಣ್ಣನ ಬೈಗುಳದಲ್ಲಿ ಒಂದು ಮಾತೂ ತಿಳಿಯುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. ಸಂಜೆಯ ಅಕ್ಕರೆಯೂ ಕನ್ನಡದಲ್ಲೇ ಬರುವುದರಿಂದ ಅದು ಅವನನ್ನು ತಲುಪುವುದಿಲ್ಲ. ಒಂದು ಬೆಳಿಗ್ಗೆ ಲೋಟದ ಟ್ರೇ ಕೈಜಾರಿದ್ದಕ್ಕೆ ಎಲ್ಲರೆದುರು ಬೈಸಿಕೊಂಡವನು ಮಧ್ಯಾಹ್ನದ ಹೊತ್ತಿಗೆ ಬ್ಯಾಗು ತೆಗೆದುಕೊಂಡು ಹೊರಟುಹೋಗಿದ್ದ. ಅವನಿಗೆ ಬರಬೇಕಾದ ಸಂಬಳ ಹಾಗೇ ಉಳಿಯಿತು. ಕಳಿಸೋಣವೆಂದರೆ ಅವನ ಪೂರ್ತಿ ಹೆಸರು ಹೋಟೆಲಿನಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಎಲ್ಲರೂ ಅವನನ್ನು ‘ಭೈಯಾ’ ಎಂದೇ ಕರೆಯುತ್ತಿದ್ದರು. ದೊಡ್ಡಣ್ಣ ಆ ದುಡ್ಡನ್ನು ಬೇರೆ ಕವರಿನಲ್ಲಿ ಹಾಕಿ ಗಲ್ಲಾದ ಒಳಗೆ ಇಟ್ಟಿದ್ದಾರೆ.

ಎಂಟರಿಂದ ಹತ್ತರವರೆಗೆ ಹೋಟೆಲಿನ ಜೀವವೆಲ್ಲ ಅಡುಗೆಮನೆಯ ಕಿಂಡಿಯಲ್ಲಿ ಇರುತ್ತದೆ. ಈಚೆಗೆ ಸಪ್ಲೈಯರ್, ಆಚೆಗೆ ಕಾವಲಿಯ ಮುಂದೆ ದೋಸೆಯವನು.

“ಎರಡು ಮಸಾಲೆ, ಒಂದು ಖಾಲಿ, ಒಂದು ಸೆಟ್ಟು!”

“ನಂದು ಮಸಾಲೆ ಮೂರು, ಆಗ್ಲೇ ಹೇಳಿದ್ದೆ!”

“ಹದಿನೇಳನೇ ಟೇಬಲ್ಲು ಎದ್ದು ಹೋಗ್ತಾ ಇದ್ದಾರೆ!”

ಕಾವಲಿಗೆ ಒಂದು ಸಲ ಇಷ್ಟೇ ದೋಸೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹರಡಿ, ಎಣ್ಣೆ ಬಿಟ್ಟು ಕಾಯಬೇಕು. ಕೂಗಿಗೆ ಕಾವಲಿ ಬೇಗ ಕಾಯುವುದಿಲ್ಲ. ಕೂಗುವವನು ಇಪ್ಪತ್ತರ ಹುಡುಗ, ಕೂಗಿಸಿಕೊಳ್ಳುವವನು ಐವತ್ತು ದಾಟಿದ ಕಸುಬುದಾರ. ಚಿಕ್ಕವನು ದೊಡ್ಡವನಿಗೆ ಗಳಿಗೆಗಳಿಗೆಗೂ ಆಜ್ಞೆ ಮಾಡಿದಂತಾಗುತ್ತದೆ. ದೋಸೆಯವನು ಬೇಕೆಂದೇ ನಿಧಾನ ಮಾಡುತ್ತಾನೆ ಎಂಬುದು ಹುಡುಗನ ದೂರು. ಬಾಯಿಗೆ ಬಂದಂತೆ ಕೂಗುತ್ತಾನೆ ಎಂಬುದು ದೋಸೆಯವನ ದೂರು.

ಇದೇ ಜಗಳವನ್ನು ಅಮೆರಿಕದ ಷಿಕಾಗೊ ನಗರದಲ್ಲಿ 1940ರ ದಶಕದಲ್ಲೇ ಒಬ್ಬರು ಕೂತು ಗಮನಿಸಿದ್ದರು. ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ ಅಲ್ಲಿನ ರೆಸ್ಟೋರೆಂಟುಗಳನ್ನು ಅಧ್ಯಯನ ಮಾಡಿ 1948ರಲ್ಲಿ ಪುಸ್ತಕ ಬರೆದರು. ಬಡಿಸುವ ಹೆಣ್ಣುಮಕ್ಕಳು ಬಾಯಲ್ಲಿ ಆರ್ಡರ್ ಕೂಗಿದಲ್ಲಿ ಒಳಗಿನ ಗಂಡಸರು ಮುನಿಸಿಕೊಳ್ಳುತ್ತಿದ್ದರು, ಬೇಕೆಂದೇ ತಡಮಾಡುತ್ತಿದ್ದರು. ಆರ್ಡರನ್ನು ಚೀಟಿಯಲ್ಲಿ ಬರೆದು ಒಂದು ಮೊಳೆಗಂಬಿಗೆ ಚುಚ್ಚಿಟ್ಟು ಹೋಗುವ ಏರ್ಪಾಡು ಇದ್ದಲ್ಲಿ ಜಗಳ ಕಡಿಮೆಯಿತ್ತು. ಒಳಗಿನವನು ಚೀಟಿಯನ್ನು ತಾನೇ ಎತ್ತಿಕೊಂಡು, ತನ್ನ ಸರದಿಯಲ್ಲಿ ಕೆಲಸ ಮಾಡುತ್ತಿದ್ದ. ಯಾರೂ ಯಾರಿಗೂ ಆಜ್ಞೆ ಮಾಡಿದಂತೆ ಆಗುತ್ತಿರಲಿಲ್ಲ. ನಮ್ಮಲ್ಲಿ 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರುಮಾಡಿದ ಮೇಲೆ ಹಬ್ಬಿದ ನಿಂತು ತಿನ್ನುವ ಹೋಟೆಲುಗಳಲ್ಲಿ ಟೋಕನ್ ಇದೇ ಕೆಲಸ ಮಾಡಿತು. ಅಲ್ಲಿ ನಡುವೆ ಸಪ್ಲೈಯರೇ ಇಲ್ಲ. ಗಿರಾಕಿಯ ಕೈಯ ಚೀಟಿ ನೇರ ಕಾವಲಿಯ ಬದಿಗೆ ಹೋಗುತ್ತದೆ.

ಚೀಟಿಯ ಸಲಹೆಯನ್ನು ಇಲ್ಲಿಯೂ ಮಗ ಹಿಂದೆಯೇ ಇಟ್ಟಿದ್ದ. ದೊಡ್ಡಣ್ಣ ಒಪ್ಪಲಿಲ್ಲ. “ಬಾಯಿ ಇಲ್ವಾ ಅವರಿಗೆ? ನಾನು ಮೂವತ್ತು ಟೇಬಲಿನ ಆರ್ಡರು ತಲೆಯಲ್ಲೇ ಇಟ್ಕೊಳ್ತಿದ್ದೆ.” ಕಿಂಡಿಯಲ್ಲಿ ಜಗಳ ಎದ್ದಾಗಲೆಲ್ಲ ಅವರು ಗಲ್ಲಾ ಬಿಟ್ಟು ಬರುತ್ತಾರೆ, ತೀರ್ಪು ಕೊಡುತ್ತಾರೆ. ಆ ತೀರ್ಪು ಯಾವಾಗಲೂ ಕಾವಲಿಯ ಪರ. ಒಂದು ಕಾಲಕ್ಕೆ ತಾವೂ ಅಲ್ಲೇ ನಿಂತಿದ್ದವರು, ಆ ಶಾಖ ಅವರ ಮೈಗೆ ಇನ್ನೂ ನೆನಪಿದೆ. ಸಪ್ಲೈಯರ್ ಹುಡುಗನ ಕಾಲುನೋವು ಅವರಿಗೆ ಕಾಣಿಸುವುದಿಲ್ಲ. ದ್ವೇಷದಿಂದಲ್ಲ, ಪಕ್ಷಪಾತ ಮಾಡುತ್ತಿದ್ದೇನೆ ಎಂಬ ಅರಿವೂ ಅವರಿಗಿಲ್ಲ. ಹುಡುಗರಿಗೆ ಮಾತ್ರ ಅದು ಮೊದಲ ವಾರದಲ್ಲೇ ಅರ್ಥವಾಗಿರುತ್ತದೆ.

ಹನ್ನೊಂದಕ್ಕೆ ತಮ್ಮ ಬರುತ್ತಾನೆ. ಎಲ್ಲರಿಗೂ ಸಣ್ಣಣ್ಣ. ಮೆದು ದನಿ, ನಗುಮುಖ. ಅವನು ಗಲ್ಲಾಕ್ಕೆ ಕೂತ ಕೂಡಲೇ ಅಡುಗೆಮನೆಯ ಹೆಗಲುಗಳೆಲ್ಲ ಸಡಿಲವಾಗುತ್ತವೆ. ರಜೆ ಬೇಕಾದವರು, ಮುಂಗಡ ಬೇಕಾದವರು ಒಬ್ಬೊಬ್ಬರಾಗಿ ಹತ್ತಿರ ಸುಳಿಯುತ್ತಾರೆ. ಸಣ್ಣಣ್ಣನಿಗೆ ಇಲ್ಲ ಎನ್ನಲು ಬರುವುದಿಲ್ಲ. “ಆಯ್ತು, ನೋಡುವ” ಎನ್ನುತ್ತಾನೆ. ಕೇಳಿದವರು ಅದನ್ನು ಒಪ್ಪಿಗೆಯೆಂದೇ ತಿಳಿದು ಊರಿಗೆ ಫೋನು ಮಾಡುತ್ತಾರೆ. ನಾಗರಪಂಚಮಿಗೆ ಉತ್ತರ ಕರ್ನಾಟಕದ ಹುಡುಗರೆಲ್ಲ ಊರಿಗೆ ಹೋಗಬೇಕು. ನಾಲ್ಕು ಜನ ಬೇರೆ ಬೇರೆಯಾಗಿ ಕೇಳಿದರು, ನಾಲ್ವರಿಗೂ ಅದೇ ಉತ್ತರ ಸಿಕ್ಕಿತು. ಹಬ್ಬದ ಹಿಂದಿನ ಸಂಜೆ ನಾಲ್ವರೂ ಬ್ಯಾಗು ಹಿಡಿದು ನಿಂತಾಗ ದೊಡ್ಡಣ್ಣನಿಗೆ ಸುದ್ದಿ ಗೊತ್ತಾಯಿತು. ಇಬ್ಬರೇ ಹೋಗಲಿ ಎಂದರು. ಯಾವ ಇಬ್ಬರು? ಆ ಪ್ರಶ್ನೆ ಹುಡುಗರ ನಡುವೆ ಬಿತ್ತು. ಅಲ್ಲಿಯವರೆಗೆ ಒಂದೇ ತಟ್ಟೆಯಲ್ಲಿ ಉಂಡವರು ಅಂದು ರಾತ್ರಿ ಕೊರಳಪಟ್ಟಿ ಹಿಡಿದುಕೊಂಡರು. ಸಣ್ಣಣ್ಣ ಅಷ್ಟು ಹೊತ್ತಿಗೆ ಮನೆಗೆ ಹೋಗಿಯಾಗಿತ್ತು.

ಜಗಳಕ್ಕೆ ಹೆದರುವ ಯಜಮಾನನಿಂದಲೇ ಕೆಲಸಗಾರರ ನಡುವೆ ಜಗಳ ಹುಟ್ಟುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಎಲ್ಲೆಲ್ಲೂ. ತಾನು ಹೇಳಬೇಕಾದ ‘ಇಲ್ಲ’ವನ್ನು ಅವನು ಹೇಳದೆ ಬಿಟ್ಟರೆ ಕೆಲಸಗಾರರೇ ಒಬ್ಬರಿಗೊಬ್ಬರು ಅದನ್ನು ಹೇಳಬೇಕಾಗುತ್ತದೆ. ಕುರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮೂವರು 1939ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಮನಶ್ಶಾಸ್ತ್ರದಲ್ಲಿ ಹೆಸರಾಗಿದೆ. ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಮೂರು ಬಗೆಯ ನಾಯಕರನ್ನು ಕೊಟ್ಟು ನೋಡಿದರು. ಒಬ್ಬ ಅಪ್ಪಣೆ ಮಾಡುವವ, ಒಬ್ಬ ಜೊತೆಗೂಡಿ ತೀರ್ಮಾನಿಸುವವ, ಇನ್ನೊಬ್ಬ ಏನನ್ನೂ ಹೇಳದೆ ಬಿಟ್ಟುಬಿಡುವವ. ಅಪ್ಪಣೆಯ ಗುಂಪಿನಲ್ಲಿ ನಾಯಕ ಹೊರಗೆ ಹೋದ ಕೂಡಲೇ ಕೆಲಸ ಕುಸಿಯುತ್ತಿತ್ತು, ಹುಡುಗರು ತಮ್ಮಲ್ಲೇ ಒಬ್ಬನನ್ನು ಗುರಿಮಾಡಿ ಕಾಡಿದ್ದೂ ಉಂಟು. ಬಿಟ್ಟುಬಿಡುವವನ ಗುಂಪಿನಲ್ಲಿ ಕೆಲಸವೂ ಆಗಲಿಲ್ಲ, ನೆಮ್ಮದಿಯೂ ಇರಲಿಲ್ಲ. ಮಕ್ಕಳ ಆಟದ ಕ್ಲಬ್ಬನ್ನು ಹೋಟೆಲಿಗೆ ಹಾಗೇ ಹೊಂದಿಸಲಾಗದು, ನಿಜ. ಆದರೂ ದೊಡ್ಡಣ್ಣ ಎದ್ದು ಸಣ್ಣಣ್ಣ ಕೂತ ಆ ಗಳಿಗೆಯಲ್ಲಿ ಅದೇ ಅಡುಗೆಮನೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಂಡವರಿಗೆ ಆ ಪ್ರಯೋಗದ ಮಾತು ದೂರದ್ದು ಅನ್ನಿಸುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತು. ಊಟದ ಗಿರಾಕಿಗಳು ಮುಗಿದಿದ್ದಾರೆ. ಹಿಂದಿನ ಅಂಗಳದಲ್ಲಿ ಹುಡುಗರು ಸಾಲಾಗಿ ಕೂತು ಉಣ್ಣುತ್ತಿದ್ದಾರೆ. ಬಡಿಸುತ್ತಿರುವವರು ದೊಡ್ಡಣ್ಣನ ಹೆಂಡತಿ, ಎಲ್ಲರಿಗೂ ಅಮ್ಮ. ಉಪ್ಪಿನಕಾಯಿ, ಚಟ್ನಿಪುಡಿ, ಸಾರಿನ ಪುಡಿ ಅವರ ಕೈಯದು. ಹೋಟೆಲಿನ ಯಾವ ಕಾಗದದಲ್ಲೂ ಅವರ ಹೆಸರಿಲ್ಲ, ಗಲ್ಲಾದಲ್ಲಿ ಅವರು ಕೂತದ್ದನ್ನು ಯಾರೂ ಕಂಡಿಲ್ಲ. ಆದರೆ ಯಾರ ತಂಗಿಗೆ ಮದುವೆ ಗೊತ್ತಾಗಿದೆ, ಯಾರ ಹೊಲದಲ್ಲಿ ಈ ಸಲ ಮಳೆಯಿಲ್ಲ, ಯಾರಿಗೆ ಯಾರ ಮೇಲೆ ಯಾಕೆ ಮುನಿಸು ಎಂಬುದೆಲ್ಲ ಅವರಿಗೆ ಗೊತ್ತು. ಒಂದು ಹಳೆಯ ಡೈರಿಯಲ್ಲಿ ಮುಂಗಡದ ಲೆಕ್ಕ ಬರೆದಿಡುತ್ತಾರೆ. ಗಂಡ ಜೇಬಿನಿಂದ ಕೊಟ್ಟದ್ದು, ಮೈದುನ “ಆಯ್ತು” ಎಂದು ಕೊಟ್ಟದ್ದು ಎರಡೂ ಅದರಲ್ಲಿರುತ್ತವೆ. ಸಂಬಳದ ದಿನ ತಕರಾರು ಎದ್ದರೆ ಕೊನೆಗೆ ತೆರೆಯುವುದು ಆ ಡೈರಿಯನ್ನೇ. ಮನೆತನದ ವ್ಯಾಪಾರಗಳ ಬಗ್ಗೆ ಬರೆಯುವವರು ಅಪ್ಪ-ಮಗನ ಜಗಳವನ್ನೇ ಹೆಚ್ಚು ಬರೆದಿದ್ದಾರೆ. ಜಗಳ ಹತ್ತದಂತೆ ದಿನವೂ ನೋಡಿಕೊಳ್ಳುವ ಈ ಹೆಂಗಸರ ದುಡಿಮೆ ಸಂಬಳದ ಪಟ್ಟಿಯಲ್ಲೂ ಇಲ್ಲ, ಬರಹದಲ್ಲೂ ಇಲ್ಲ. ಇದು ಅನ್ಯಾಯ.

ಸಂಜೆ ನಾಲ್ಕಕ್ಕೆ ಮಗ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವನು. ಹಳಬರಿಗೆ ಪುಟ್ಟಣ್ಣ, ಹೊಸಬರಿಗೆ ಸರ್. ಅವನು ಯಾರಿಗೂ ದನಿ ಎತ್ತಿದ್ದೇ ಇಲ್ಲ. ಗಲ್ಲಾದಲ್ಲಿ ಕೂತು ಸಿಸಿಟಿವಿ ಪರದೆ ನೋಡುತ್ತಾನೆ, ಆನ್‌ಲೈನ್ ಆರ್ಡರಿನ ಟ್ಯಾಬ್ಲೆಟ್ ನೋಡುತ್ತಾನೆ, ಗಿರಾಕಿಗಳು ಕೊಟ್ಟ ನಕ್ಷತ್ರಗಳನ್ನು ಎಣಿಸುತ್ತಾನೆ. ಮೂರು ನಕ್ಷತ್ರ ಬಂದ ರಾತ್ರಿ ಅವನಿಗೆ ನಿದ್ದೆ ಹತ್ತುವುದಿಲ್ಲ. ಮಾರನೆಯ ದಿನ ವಾಟ್ಸಾಪ್ ಗುಂಪಿಗೆ ಸಂದೇಶ: ಯಾರು ತಡವಾಗಿ ಬಂದರು, ಯಾರು ಟೋಪಿ ಹಾಕಿರಲಿಲ್ಲ, ಯಾರ ಟೇಬಲಿನಿಂದ ದೂರು ಬಂತು. ಜೊತೆಗೆ ಫೋಟೊ. ಸಂದೇಶ ಓದಿದವರ ಗುರುತು ಬೀಳುತ್ತದೆ, ಉತ್ತರ ಯಾರೂ ಬರೆಯುವುದಿಲ್ಲ. ಬೆಳಗಿನ ಪಾಳಿಯಲ್ಲಿ ಬೈಸಿಕೊಂಡವನು ಅಲ್ಲೇ ನಿಂತು ಮಾರುತ್ತರ ಕೊಟ್ಟು ಹಗುರಾಗುತ್ತಾನೆ. ಸಂಜೆಯ ಪಾಳಿಯವನು ಮೊಬೈಲು ಜೇಬಿಗಿಟ್ಟುಕೊಂಡು ಆ ಮಾತನ್ನು ಅಟ್ಟಕ್ಕೆ ಒಯ್ಯುತ್ತಾನೆ. ಮುಚ್ಚಿಟ್ಟ ಹಿಟ್ಟು ರಾತ್ರಿಯೆಲ್ಲ ಉಬ್ಬಿ ಬೆಳಿಗ್ಗೆ ಮುಚ್ಚಳ ಎತ್ತುವಂತೆ ಅದು ಇನ್ನೊಂದು ದಿನ, ಇನ್ನಾವುದೋ ಕ್ಷುಲ್ಲಕ ನೆಪದಲ್ಲಿ ಹೊರಗೆ ಬರುತ್ತದೆ.

ಮಗನನ್ನು ಕಠಿಣ ಮನುಷ್ಯನೆಂದು ತೀರ್ಮಾನಿಸುವುದು ಸುಲಭ, ಆದರೆ ಸರಿಯಲ್ಲ. ಬ್ಯಾಂಕಿನ ಸಾಲದ ಪತ್ರಕ್ಕೆ ಸಹಿ ಹಾಕಿದವನು ಅವನು. ಎದುರಿನ ಕಟ್ಟಡದಲ್ಲಿ ಹೊಸ ಹೋಟೆಲು ತೆರೆದದ್ದನ್ನು ದಿನವೂ ಕಿಟಕಿಯಿಂದ ನೋಡುವವನು ಅವನು. ಅವನೊಳಗಿನ ಅಳುಕೇ ಹೊರಗೆ ಶಿಸ್ತಾಗಿ ಕಾಣುತ್ತದೆ. ಅಚ್ಚುಕಟ್ಟುತನದಿಂದ ಹೋಟೆಲು ಬೆಳೆಯುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ದೊಡ್ಡ ಉದಾಹರಣೆಯಿದೆ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದರು. ಬಂದು ತಮ್ಮ ಅಡುಗೆಮನೆಯ ಕ್ರಮವನ್ನೇ ಬದಲಿಸಿದರು. ಆ ಹೋಟೆಲೇ ಮುಂದೆ ಎಂಟಿಆರ್ ಎಂದು ಹೆಸರಾಯಿತು. ಒಬ್ಬ ಮನುಷ್ಯನ ಸ್ವಭಾವ ಇಡೀ ಸಂಸ್ಥೆಯ ಸ್ವಭಾವವಾದ ಬಗೆ ಅದು. ಮಗ ಆ ಕತೆಯನ್ನು ಬಲ್ಲ, ತಾನೂ ಹಾಗಾಗಬೇಕೆಂದು ಬಯಸುತ್ತಾನೆ. ಆದರೆ ಅವನಿಗಿಂತ ಮೊದಲೇ ಆ ಗಲ್ಲಾದಲ್ಲಿ ಅಪ್ಪ ಕೂತಿದ್ದಾರೆ, ಬೆಳಗಾದರೆ ಮತ್ತೆ ಕೂರುತ್ತಾರೆ.

ಇಬ್ಬರು ಎದುರಾದದ್ದು ಸಾಂಬಾರಿನ ಪಾತ್ರೆಯಲ್ಲಿ. ಕರಾವಳಿಯ ಸಾಂಬಾರಿಗೆ ಬೆಲ್ಲ ಬೀಳಲೇಬೇಕು. ಸಂಜೆಯ ಗಿರಾಕಿಗಳು ಕೆಲವರು ಸಿಹಿಯೆಂದು ದೂರು ಬರೆದರು. ಮಗ ಭಟ್ಟರಿಗೆ ಹೇಳಿದ, “ಬೆಲ್ಲ ಅರ್ಧ ಮಾಡಿ.” ಮಾರನೆಯ ಬೆಳಿಗ್ಗೆ ಅಂಗೈಯ ಸಾಂಬಾರು ನೆಕ್ಕಿದ ದೊಡ್ಡಣ್ಣ ಸೌಟು ಎಸೆದರು. “ಯಾರು ಹೇಳಿದ್ದು ನಿಮಗೆ?” ಯಾರು ಹೇಳಿದ್ದೆಂದು ಭಟ್ಟರು ಬಾಯಿಬಿಡಲಿಲ್ಲ. ಬೆಲ್ಲ ಮತ್ತೆ ಪೂರ್ತಿ ಬಿತ್ತು. ಸಂಜೆ ಮಗ ಕೇಳಿದ, “ನಾನು ಹೇಳಿದ್ದಕ್ಕೆ ಬೆಲೆ ಇಲ್ವಾ ಭಟ್ರೆ?” ಅದಕ್ಕೂ ಅವರು ಸುಮ್ಮನಿದ್ದರು. ವಾರಗಟ್ಟಲೆ ಹೀಗೇ ನಡೆಯಿತು. ಬೆಳಿಗ್ಗೆ ಒಂದು ಸಾಂಬಾರು, ಸಂಜೆ ಇನ್ನೊಂದು. ಅಪ್ಪ-ಮಗ ಮನೆಯಲ್ಲಿ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ರಾತ್ರಿ ಒಟ್ಟಿಗೇ ಉಂಡರು, ಹವಾಮಾನದ ಬಗ್ಗೆ ಮಾತಾಡಿದರು. ಆಡದ ಮಾತನ್ನೆಲ್ಲ ಭಟ್ಟರ ಮೂಲಕ ಆಡಿದರು. ಭಟ್ಟರಿಗೆ ಸಹಾಯಕನ ಮೇಲೆ ಸಿಟ್ಟು ಬರತೊಡಗಿತು, ಸಹಾಯಕನಿಗೆ ಪಾತ್ರೆಯವನ ಮೇಲೆ. ಕಾರಣ ಕೇಳಿದರೆ ಯಾರಿಗೂ ತಿಳಿಯದು.

ಹಾರ್ವರ್ಡಿನ ರೆನಾಟೊ ಟಗಿಯೂರಿ ಮತ್ತು ಜಾನ್ ಡೇವಿಸ್ 1978ರಲ್ಲಿ ಮನೆತನದ ವ್ಯಾಪಾರವನ್ನು ಮೂರು ವೃತ್ತಗಳಾಗಿ ಬರೆದು ತೋರಿಸಿದರು. ಮನೆ, ಒಡೆತನ, ವ್ಯವಹಾರ ಎಂಬ ಆ ಮೂರೂ ಒಂದರ ಮೇಲೊಂದು ಹಾಯುತ್ತವೆ. ದೊಡ್ಡಣ್ಣ ಮೂರೂ ವೃತ್ತಗಳ ನಡುವೆ ನಿಂತವರು. ಮಗನಿಗೆ ಬೈಯುವಾಗ ಅವರು ಅಪ್ಪನೋ, ಒಡೆಯನೋ, ಮ್ಯಾನೇಜರೋ ಎಂದು ಅವರಿಗೇ ತಿಳಿಯದು. ಭಟ್ಟರು ನಿಂತಿರುವುದು ವ್ಯವಹಾರದ ವೃತ್ತವೊಂದರಲ್ಲೇ. ಆದರೆ ಉಳಿದೆರಡರ ಭಾರವೂ ಅವರ ತಲೆಯ ಮೇಲೆ ಬೀಳುತ್ತದೆ. ಕರಾವಳಿಯಲ್ಲಿ ಅಳಿಯಸಂತಾನ ಪದ್ಧತಿಯ ಮನೆಗಳಲ್ಲಿ ಮಾವನ ವ್ಯವಹಾರದಲ್ಲಿ ಸೋದರಳಿಯ ಬೆಳೆಯುತ್ತಿದ್ದ, ಅಲ್ಲಿ ಮಗ ಮತ್ತು ಅಳಿಯ ಇಬ್ಬರ ನಡುವೆ ಸಿಕ್ಕಿಬಿದ್ದ, ಲೆಕ್ಕ ಬರೆಯುವ ರೈಟರುಗಳ ಕತೆಗಳು ಹಳಬರ ಬಾಯಲ್ಲಿ ಇನ್ನೂ ಇವೆ. ಆಸ್ತಿಯ ದಾರಿ ಬೇರೆಯಾದರೂ ನಡುವೆ ಸಿಕ್ಕಿಬೀಳುವವನ ಪಾಡು ಒಂದೇ.

ಒಂದು ಸಂಜೆ ಭಟ್ಟರು ಬೆಲ್ಲದ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಗಲ್ಲಾದ ಮುಂದೆ ಬಂದು ನಿಂತರು. ಅಪ್ಪ ಇನ್ನೂ ಮನೆಗೆ ಹೋಗಿರಲಿಲ್ಲ, ಮಗ ಆಗಷ್ಟೇ ಬಂದಿದ್ದ.

“ನಿಮ್ಮಿಬ್ಬರಲ್ಲಿ ಒಬ್ಬರು ಹೇಳಿ. ಇಬ್ಬರ ಮಾತನ್ನೂ ಒಂದೇ ಪಾತ್ರೆಗೆ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಬೆಲ್ಲವನ್ನು ಗಲ್ಲಾದ ಮೇಲಿಟ್ಟು, ಹೆಗಲ ಮೇಲಿನ ಬೈರಾಸು ಕೊಡವಿ ಹೊರಟರು. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವರು. ಮಾರನೆಯ ಬೆಳಿಗ್ಗೆ ನಾಲ್ಕೂವರೆಗೆ ಹಿಂಬಾಗಿಲು ತೆರೆದವರು ಯಾರೂ ಇಲ್ಲ. ಆರಕ್ಕೆ ಶೆಟರ್ ಎದ್ದಿತು, ಇಡ್ಲಿ ಎದ್ದಿರಲಿಲ್ಲ.

ಭಟ್ಟರನ್ನು ಮರಳಿ ಕರೆಸಿದವರು ಅಮ್ಮ. ಭಟ್ಟರು ಬರುವ ಮೊದಲು ಮನೆಯ ಉಳಿದ ಮೂವರನ್ನೂ ಮಧ್ಯಾಹ್ನದ ಹೊತ್ತು ಅದೇ ಅಂಗಳದಲ್ಲಿ ಕೂರಿಸಿದರು. ಅಲ್ಲಿ ಯಾರ ಸ್ವಭಾವವೂ ಬದಲಾಗಲಿಲ್ಲ. ದೊಡ್ಡಣ್ಣ ಅಂದೂ ದನಿ ಎತ್ತಿದರು, ತಮ್ಮ ಅಂದೂ ಎಲ್ಲದಕ್ಕೂ ಆಯ್ತು ಎಂದ, ಮಗ ಮೊಬೈಲಿನಲ್ಲಿ ಬರೆದುಕೊಂಡ. ಬದಲಾದದ್ದು ಬೇರೆ. ಅಡುಗೆಯ ರುಚಿಯ ಮಾತು ಭಟ್ಟರದು ಮತ್ತು ಅಮ್ಮನದು, ಮೂರನೆಯವರು ಹೇಳುವುದಿದ್ದರೆ ಅವರಿಬ್ಬರಿಗೆ ಮಾತ್ರ ಹೇಳಬೇಕು. ಹನ್ನೊಂದರವರೆಗೆ ಅಪ್ಪನ ಹೊತ್ತು, ನಾಲ್ಕರ ಮೇಲೆ ಮಗನದು, ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಅಪ್ಪಣೆ ಮಾಡಕೂಡದು. ರಜೆಯ ಪಟ್ಟಿ ಗೋಡೆಯ ಮೇಲೆ. ಕಿಂಡಿಗೆ ಚೀಟಿ. ಸಣ್ಣಣ್ಣನನ್ನು ಗಲ್ಲಾದಿಂದ ಎಬ್ಬಿಸಿ ಖರೀದಿಗೆ ಹಾಕಿದರು. ಮಧ್ಯಾಹ್ನದ ಗಲ್ಲಾಕ್ಕೆ ಅಮ್ಮನೇ ಕೂತರು. ಅವರನ್ನು ಅಲ್ಲಿ ಕಂಡು ಹಳೆಯ ಗಿರಾಕಿಗಳು ಕೆಲವು ದಿನ ಅಚ್ಚರಿಪಟ್ಟರು. ಮಾರುಕಟ್ಟೆಯಲ್ಲಿ ಸಣ್ಣಣ್ಣನ ಮೆದು ಮಾತಿಗೆ ಒಳ್ಳೆಯ ತರಕಾರಿಯೂ ಸಿಗುತ್ತದೆ, ಎರಡು ದಿನದ ಸಾಲವೂ ಸಿಗುತ್ತದೆ. ಗಲ್ಲಾದಲ್ಲಿ ಕೇಡಾಗಿದ್ದ ಗುಣ ಅಲ್ಲಿ ಕೆಲಸಕ್ಕೆ ಬಂತು.

ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಕಿಂಡಿಯಲ್ಲಿ ಈಗಲೂ ಕೂಗು ಏಳುತ್ತದೆ. ಮಗನ ಸಂದೇಶಗಳು ಕಡಿಮೆಯಾದರೂ ನಿಂತಿಲ್ಲ. ಅಸ್ಸಾಮಿನ ಹುಡುಗನ ಕವರು ಗಲ್ಲಾದಲ್ಲೇ ಇದೆ.

ದೊಡ್ಡ ಕಂಪನಿಯಲ್ಲಿ ಮ್ಯಾನೇಜರಿನ ಸಿಡುಕು ಹೆಚ್ಚಾದರೆ ದೂರು ಕೊಡಲು ಇನ್ನೊಂದು ಬಾಗಿಲಿದೆ, ಅವನಿಗೆ ವರ್ಗಾವಣೆಯೂ ಇದೆ. ಇಲ್ಲಿ ಅಣ್ಣನನ್ನು ಯಾರು ವರ್ಗ ಮಾಡುತ್ತಾರೆ? ಕಾರ್ಖಾನೆಯ ಕಾರ್ಮಿಕರಿಗೆ ಇರುವಂಥ ಸಂಘ ಈ ಹುಡುಗರಿಗಿಲ್ಲ. ಒಂದು ಕಾಲಕ್ಕೆ ಜಾರ್ಜ್ ಫರ್ನಾಂಡಿಸ್ ತಮ್ಮ ತಾರುಣ್ಯದಲ್ಲಿ ಮಂಗಳೂರಿನ ಹೋಟೆಲು ಕಾರ್ಮಿಕರನ್ನು, ಸಾರಿಗೆ ಕಾರ್ಮಿಕರನ್ನು ಸಂಘಟಿಸಿಯೇ ಸಾರ್ವಜನಿಕ ಬದುಕಿಗೆ ಬಂದಿದ್ದರು. ಇಂದು ದೂರದ ರಾಜ್ಯದಿಂದ ಬಂದು ಅಟ್ಟದ ಮೇಲೆ ಮಲಗುವವನಿಗೆ ಧಣಿಯ ಮನಸ್ಸೊಂದೇ ಆಸರೆ. ವಾರದ ರಜೆ 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೊಟ್ಟ ಹಕ್ಕು. ಹಲವು ಹೋಟೆಲುಗಳಲ್ಲಿ ಅದು ಇನ್ನೂ ಧಣಿಯ ಕೃಪೆಯಾಗಿಯೇ ಉಳಿದಿದೆ. ಬರವಣಿಗೆಯಲ್ಲಿ ಏನೂ ಇಲ್ಲದ ಕಡೆ ಯಜಮಾನನ ಮನಃಸ್ಥಿತಿಯೇ ನಿಯಮವಾಗುತ್ತದೆ. ಒಳ್ಳೆಯ ಮನುಷ್ಯನ ಹೋಟೆಲಿನಲ್ಲೂ ಹೀಗಾಗುತ್ತದೆ ಎಂಬುದೇ ನನ್ನ ಚಿಂತೆ. ದೊಡ್ಡಣ್ಣನಷ್ಟು ಕರುಳಿರುವವರು ಕಡಿಮೆ. ಆ ಕರುಳಿನಿಂದ ಅಸ್ಸಾಮಿನ ಹುಡುಗನಿಗೆ ಏನೂ ಪ್ರಯೋಜನವಾಗಲಿಲ್ಲ.

ಅಪ್ಪನ ಗಲ್ಲಾಕ್ಕೆ ಕೂರಲು ಹೊರಟಿರುವ ಮಕ್ಕಳಲ್ಲಿ, ಕೂರಿಸಲು ಹೊರಟಿರುವ ಅಪ್ಪಂದಿರಲ್ಲಿ ನನ್ನದೊಂದು ಕೋರಿಕೆ. ಹೊಸ ಯಂತ್ರ ತರುವ ಮೊದಲು, ಮೆನು ಬದಲಿಸುವ ಮೊದಲು ಒಂದು ಮಧ್ಯಾಹ್ನ ಕೆಲಸದವರ ಜೊತೆ ಅಂಗಳದಲ್ಲಿ ಕೂತು ಉಣ್ಣಿ. ಯಾವ ಹೊತ್ತಿನಲ್ಲಿ ಯಾರ ಮಾತು ನಡೆಯಬೇಕೆಂದು ಮನೆಯೊಳಗೆ ಮೊದಲು ತೀರ್ಮಾನಿಸಿಕೊಳ್ಳಿ, ಅದನ್ನು ಭಟ್ಟರ ತಲೆಗೆ ಕಟ್ಟಬೇಡಿ. ಸಂಬಳದ ದಿನ, ವಾರದ ರಜೆ, ಮುಂಗಡದ ಲೆಕ್ಕ ಈ ಮೂರನ್ನು ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಎಲ್ಲಕ್ಕಿಂತ ಮೊದಲು, ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬನ ಪೂರ್ತಿ ಹೆಸರು, ಊರು, ಮನೆಯವರ ಫೋನ್ ನಂಬರು ಇವತ್ತೇ ಕೇಳಿ ಬರೆದಿಡಿ.